ರಾತ್ರಿ ಊಟ ಸ್ವಲ್ಪ ಬೇಗ ಮಾಡು ಪುಟ್ಟಾ

ನೀರ್ಚಾಲು, ಕಾಸರಗೋಡು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಸ್ವಲ್ಪ ಬಿಟ್ಟಿದೆ, ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟಾಯಿತು.

ಮೊನ್ನೆ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬೆಂಗಳೂರಿನಲ್ಲಿ ನೀನು ರಾತ್ರಿ 11.30ಕ್ಕೆ ಹೋಟೆಲಿಂದ ತರಿಸಿ ಉಂಡು, ಹಾಗೇ ಮಲಗುತ್ತೀಯಂತೆ. ಬೆಳಗ್ಗೆ ಬರೀ ಕಾಫಿ. ಎದೆಯುರಿ ಅಂತ ಮಾತ್ರೆ ಬೇರೆ. ಕೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನನ್ನ ಅಪ್ಪ, ಅಂದರೆ ನಿನ್ನ ಅಜ್ಜ, ಬೆಳಕು ಹರಿಯುವಾಗಲೇ ತೋಟಕ್ಕೆ ಇಳಿಯುತ್ತಿದ್ದರು. 8 ಗಂಟೆಗೆ ಬಂದು ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ. ರಾತ್ರಿ 7.30ಕ್ಕೆ ಊಟ ಮುಗಿದು ಅಡಿಗೆ ಮನೆಯ ಬಾಗಿಲು ಹಾಕಿ ಆಗುತ್ತಿತ್ತು. ಆಗ ಕರೆಂಟು ಇರಲಿಲ್ಲ, ಚಿಮಿಣಿ ಎಣ್ಣೆ ಉಳಿಸಲೆಂದೇ ಹಾಗೆ ಮಾಡಿದ್ದಿರಬಹುದು. ಆದರೆ ದೇಹಕ್ಕೆ ಅದೇ ಸರಿಯಾಗಿತ್ತು.

ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು, ಕಾರಣ ಹೇಳದೆ ಬಿಡುವುದಿಲ್ಲ. ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ, ಅದು ಬೆಳಕು ನೋಡಿ ನಡೆಯುತ್ತದೆ. ಲಿವರಿಗೂ ಮೇದೋಜೀರಕ ಗ್ರಂಥಿಗೂ ಅವುಗಳದ್ದೇ ಗಡಿಯಾರ. ಅವು ಊಟದ ಹೊತ್ತನ್ನೂ ನೋಡುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಕತ್ತಲಾದ ಮೇಲೆ ದೇಹಕ್ಕೆ ರಾತ್ರಿಯಾಯಿತು ಅಂತ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಹಾಗಾಗಿ ಬೆಳಗ್ಗೆ ಉಂಡ ಅನ್ನವನ್ನೇ ರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರುತ್ತದೆ, ಇಳಿಯುವುದೂ ತಡ. ಹೊಟ್ಟೆ ಖಾಲಿಯಾಗುವುದೂ ರಾತ್ರಿ ನಿಧಾನ. ತುಂಬಿದ ಹೊಟ್ಟೆಯಲ್ಲಿ ಅಡ್ಡ ಬಿದ್ದರೆ ಹುಳಿ ಗಂಟಲಿಗೆ ಬಾರದೆ ಇರುತ್ತದಾ?

ಹೊತ್ತು ಬದಲಿಸಿದ ಕೂಡಲೇ ತೂಕ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಸಚ್ಚಿದಾನಂದ ಪಂಡಾ ಅವರ ತಂಡ ಇಲಿಗಳಿಗೆ ದಿನದಲ್ಲಿ 8 ಗಂಟೆ ಮಾತ್ರ ಕೊಬ್ಬಿನ ತಿಂಡಿ ಕೊಟ್ಟಿತ್ತು. ಇಡೀ ದಿನ ಮೇಯುತ್ತಿದ್ದ ಇಲಿಗಳಷ್ಟೇ ತಿಂದರೂ ಅವು ಅಷ್ಟು ಕೊಬ್ಬಲಿಲ್ಲ. ಮನುಷ್ಯರಲ್ಲಿ ಫಲ ಅಷ್ಟು ದೊಡ್ಡದಾಗಿ ಕಂಡಿಲ್ಲ. ನನಗೆ ನಿನ್ನ ಎದೆಯುರಿ, ನಿದ್ದೆ, ಮುಂದೆ ಬರಬಹುದಾದ ಶುಗರು, ಇವುಗಳದ್ದೇ ಚಿಂತೆ. ನಮ್ಮ ಮನೆತನದಲ್ಲಿ ಅದು ಇದೆ ಅಲ್ವಾ?

ಆಫೀಸಿನಿಂದ ತಡವಾಗುವ ದಿನ 7.30ಕ್ಕೆ ಅಲ್ಲೇ ಕ್ಯಾಂಟೀನಿನಲ್ಲಿ ಉಂಡುಬಿಡು. ಮನೆಗೆ ಬಂದು ಹಸಿವಾದರೆ ಒಂದು ಲೋಟ ಮಜ್ಜಿಗೆ ಸಾಕು. ಉಂಡ ಮೇಲೆ 3 ಗಂಟೆಯಾದರೂ ಬಿಟ್ಟು ಮಲಗು. ಆಗ ಬೆಳಗ್ಗೆ ತಾನಾಗಿ ಹಸಿವಾಗುತ್ತದೆ. ಊರಿಗೆ ಬಂದಾಗ ರಾತ್ರಿಯಿಡೀ ಯಕ್ಷಗಾನ ಆಟ ನೋಡಿ ಚಟ್ಟಂಬಡೆ ತಿಂದರೆ ನಾನು ಬೈಯುವುದಿಲ್ಲ. ವರ್ಷಕ್ಕೆ ಎರಡು ರಾತ್ರಿ ಲೆಕ್ಕಕ್ಕಿಲ್ಲ.

ಉಪವಾಸ ಮಾತ್ರ ಬೇಡ. ಹೋದ ವರ್ಷ ಅಡಿಕೆ ಕೊಯ್ಲಿನ ದಿನ ನಿನ್ನ ದೊಡ್ಡಪ್ಪ ಶುಗರಿನ ಮಾತ್ರೆ ನುಂಗಿ ಊಟ ಮುಂದೂಡಿದರು. ಅಂಗಳದಲ್ಲೇ ಬೆವರಿ, ಕೈ ನಡುಗಿ ಕೂತುಬಿಟ್ಟರು. ಸಕ್ಕರೆ ನೀರು ಕುಡಿಸುವಾಗ ನನ್ನ ಕೈಯೂ ನಡುಗುತ್ತಿತ್ತು. ನಿನ್ನಪ್ಪನೂ ಅಂಥದ್ದೇ ಮಾತ್ರೆ ತಗೊಳ್ಳುತ್ತಾರೆ. ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು ಅಂತ ಅವರಿಗೆ ಹೇಳು.

ನಾಳೆಯ ಬಸ್ಸಿನಲ್ಲಿ 5 ಕಿಲೋ ಕುಚ್ಚಲಕ್ಕಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಅಕ್ಕಿಗೆ ನೀರು ಜಾಸ್ತಿ ಇಡಬೇಕು. ಈ ವಾರವಿಡೀ ರಾತ್ರಿ 8 ಗಂಟೆಗೆ ಫೋನ್ ಮಾಡುತ್ತೇನೆ, ಊಟ ಆಯಿತಾ ಅಂತ ಕೇಳಲು.

ಇಂತಿ,
ನಿನ್ನ ದೊಡ್ಡಮ್ಮ