ವಿದ್ಯಾರ್ಥಿವೇತನ: ಆಧಾರ್ ಜೋಡಿಸಿದರಷ್ಟೇ ಸಾಲದು

ಮಾನ್ಯರೇ,

ಅಂಗವಿಕಲ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ನೀಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಅರ್ಹತೆ ಇದ್ದವರಿಗೂ ಕೈತಪ್ಪುತ್ತಿದೆ. ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ ಬೇಕೆಂಬುದು ಬಹುತೇಕರಿಗೆ ಗೊತ್ತು. ಎಡವುವುದು ಬ್ಯಾಂಕಿನ ವಿಷಯದಲ್ಲಿ. ಕೆವೈಸಿಗೆಂದು ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು; ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬುದು ರಾಷ್ಟ್ರೀಯ ಪಾವತಿ ನಿಗಮದಲ್ಲಿ (ಎನ್‌ಪಿಸಿಐ) ಆಧಾರ್ ಸಂಖ್ಯೆಗೆ ಜೋಡಣೆಯಾಗಿರಬೇಕು. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಹಣ ಹೋಗುವುದು ಕೊನೆಯದಾಗಿ ಮ್ಯಾಪ್ ಆದ ಖಾತೆಗೆ. ಮ್ಯಾಪಿಂಗ್ ಆಗಿದೆಯೇ ಎಂದು ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲೇ ನೋಡಬಹುದು, ಬ್ಯಾಂಕಿಗೆ ಅಲೆಯಬೇಕಿಲ್ಲ.

ಹೆಸರಿನದು ಇನ್ನೊಂದು ತಕರಾರು. ಆಧಾರ್‌ನಲ್ಲಿ ‘ಮಂಜುನಾಥ ಕೆ.’, ಯುಡಿಐಡಿಯಲ್ಲಿ ‘ಕೆ. ಮಂಜುನಾಥ’ ಎಂದಿದ್ದರೆ ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ‘ಸಬ್‌ಮಿಟ್’ ಒತ್ತಿದರೆ ಕೆಲಸ ಮುಗಿಯಿತೆಂದಲ್ಲ. ಕಾಲೇಜಿನ ನೋಡಲ್ ಅಧಿಕಾರಿ ಗಡುವಿನೊಳಗೆ ಪರಿಶೀಲಿಸದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ‘ಡಿಫೆಕ್ಟ್’ ಎಂದು ವಾಪಸಾದದ್ದನ್ನು ತಿದ್ದಿ ಮತ್ತೆ ಸಲ್ಲಿಸಲೂ ಕೊನೆಯ ದಿನವಿದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ಸ್ಥಿತಿ ನೋಡಬೇಕು.

ವಿಶ್ವವಿದ್ಯಾಲಯಗಳು ಈ ಅಧಿಕಾರಿಯ ಮೊಬೈಲ್ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕಲಿ. ಅವರ ಕೊಠಡಿ ನೆಲಮಹಡಿಯಲ್ಲೇ ಇರಲಿ. ಗಾಲಿಕುರ್ಚಿಯಲ್ಲಿ ಬರುವವರ ಅರ್ಜಿಯನ್ನು ಮೂರನೇ ಮಹಡಿಯಲ್ಲಿ ಪಡೆಯುವುದು ಯಾವ ನ್ಯಾಯ?

– ಕೆಲವು ಉಪನ್ಯಾಸಕರು