ಹಂಡೆ ಒಲೆ ನೆನಪಿಸಿದ ಬಿಯರ್

ಎರ್ಲಾಂಗನ್,
ಭಾನುವಾರ ರಾತ್ರಿ

ಪ್ರೀತಿಯ ಶಂಕರ,

'ಜರ್ಮನಿಗೆ ಹೋಗಿ ಎರಡು ವರ್ಷ ಆಯ್ತು, ಬಿಯರ್ ಬಗ್ಗೆ ಒಂದು ಸಾಲೂ ಬರೆದಿಲ್ಲ, ಎಂಥಾ ಗೆಳೆಯನೋ ನೀನು' ಅಂತ ಬೈದಿದ್ದೆಯಲ್ಲ. ತಗೋ, ಇವತ್ತು ಪೂರ್ತಿ ಅದೇ.

ನಿನ್ನೆ ಬಾಂಬೆರ್ಗ್‌ಗೆ ಹೋಗಿ ಬಂದೆ. ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ನಮ್ಮ ಹಾಸನಕ್ಕಿಂತ ಚಿಕ್ಕ ಊರು. ಹಳೇ ಪೇಟೆ 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಹೊಳೆ ಮಧ್ಯದಲ್ಲಿ ಹಳೇ ಪುರಸಭೆ ಕಟ್ಟಡ ಇದೆ, ಎಲ್ಲರೂ ಅದರ ಫೋಟೋ ತೆಗೀತಾರೆ, ನಾನೂ ತೆಗೆದೆ. ಅದಿರಲಿ. ನಾನು ಹೋಗಿದ್ದು ಶ್ಲೆಂಕರ್ಲಾಗೆ.

ಅದೊಂದು ಹಳೇ ಮನೆ, ಕೆಳಗೆ ಬಿಯರ್ ಅಂಗಡಿ. ಆ ಮನೆಯ ಪ್ರಸ್ತಾಪ 1405ರ ದಾಖಲೆಯಲ್ಲೇ ಇದೆಯಂತೆ. ಹಿಂದೊಮ್ಮೆ ಇದರ ಯಜಮಾನ ಕೈ ಬೀಸಿಕೊಂಡು ವಿಚಿತ್ರವಾಗಿ ನಡೀತಿದ್ದನಂತೆ. ಜನ ಅವನಿಗೆ ಇಟ್ಟ 'ಶ್ಲೆಂಕರ್ಲಾ' ಅನ್ನೋ ಅಡ್ಡಹೆಸರೇ ಅಂಗಡಿಗೂ ಅಂಟಿಕೊಂಡಿತು. ನಮ್ಮೂರಲ್ಲೂ ಹೀಗೇ ಅಲ್ವಾ, ಬೋರ್ಡಿನ ಮೇಲಿನ ಹೆಸರು ಯಾರಿಗೆ ಗೊತ್ತಿರುತ್ತೆ?

ಒಳಗೆ ಖಾಲಿ ಮೇಜು ಸಿಗಲಿಲ್ಲ. ಇಲ್ಲಿ ಗುರುತಿಲ್ಲದವರ ಪಕ್ಕದಲ್ಲಿ ಕೂರೋದು ಸಾಮಾನ್ಯ. ಒಬ್ಬ ಮುದುಕರು ಸ್ವಲ್ಪ ಸರಿದು ಜಾಗ ಕೊಟ್ಟರು. ಅಲ್ಲೇ ಕಣ್ಣೆದುರಿಗೆ ಮರದ ಪೀಪಾಯಿಯಿಂದ ಬಿಯರ್ ಹಿಡಿದು ಕೊಡುತ್ತಿದ್ದರು. ಬಣ್ಣ ಕಪ್ಪು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು. ಅರ್ಧ ಲೀಟರಿನ ಗ್ಲಾಸು, ಮೇಲೆ ಎರಡು ಬೆರಳು ನೊರೆ.

ಬಾಯಿಗೆ ಇಡೋ ಮೊದಲೇ ಮೂಗಿಗೆ ಬಡಿಯಿತು. ಹೊಗೆ! ಇಲ್ಲಿಯವರಿಗೆ ಇದು ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಹಾಗೆ ಅನ್ನಿಸುತ್ತಂತೆ. ನನಗೆ ಬಂದದ್ದು ಅಜ್ಜಿ ಮನೆಯ ಬಚ್ಚಲು ಕಣೋ. ಬೆಳಗ್ಗೆ ಆರು ಗಂಟೆಗೆ ಹಂಡೆ ಒಲೆಗೆ ಹಸಿ ಸೌದೆ ತುರುಕಿ ಊದುಕೊಳವೆ ಹಿಡಿದು ಕೆಮ್ಮುತ್ತಾ ಕೂರುತ್ತಿದ್ದೆವಲ್ಲ, ಅದೇ. ನಿಜ ಹೇಳಲಾ? ಮೊದಲ ಗುಟುಕು ಒಳಗೆ ಇಳಿಯಲಿಲ್ಲ.

ಮುದುಕರು ನನ್ನ ಮುಖ ನೋಡಿ ನಕ್ಕರು. ಮೂರನೇ ಗ್ಲಾಸಿನ ತನಕ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳಲೇಬಾರದಂತೆ. ಇದು ಈ ಊರಿನ ಹಳೇ ಮಾತು. ವ್ಯಾಪಾರದ ಮಾತು ಅಂತಲೂ ನನಗೆ ಅನುಮಾನ!

ಹೊಗೆ ಎಲ್ಲಿಂದ ಬರುತ್ತೆ ಅಂದರೆ, ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಆಮೇಲೆ ಬೀಚ್ (beech) ಅನ್ನೋ ಮರದ ಸೌದೆ ಬೆಂಕಿಯ ಮೇಲೆ ಒಣಗಿಸುತ್ತಾರೆ. ಆ ಹೊಗೆ ಕಾಳಿಗೆ ಹತ್ತುತ್ತೆ. ಹಿಂದೆ ಸೌದೆ ಬೆಂಕಿಯ ಮೇಲೆ ಒಣಗಿಸಿದ ಕಾಳಿಗೆಲ್ಲ ಒಂದಷ್ಟು ಹೊಗೆ ಹತ್ತುತ್ತಿತ್ತು. ಹೊಗೆ ತಾಗದ ಒಲೆಗಳು ಬಂದ ಮೇಲೆ ಮಿಕ್ಕವರು ಇದನ್ನು ಬಿಟ್ಟುಬಿಟ್ಟರು. ಈ ಊರಲ್ಲಿ ಶ್ಲೆಂಕರ್ಲಾ ಮತ್ತು ಸ್ಪೆಜಿಯಲ್ ಅಂತ ಎರಡು ಮನೆಯವರು ಬಿಡಲಿಲ್ಲ. ಇವತ್ತಿಗೂ ಕಾಳಿಗೆ ತಾವೇ ಹೊಗೆ ಹಾಕುತ್ತಾರೆ.

ನನಗೆ ಅಜ್ಜಿಯ ರಾಗಿ ಸರಿ ನೆನಪಾಯಿತು. ರಾತ್ರಿ ನೆನೆಹಾಕಿ, ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿ ಮೂಲೆಗೆ ಇಡುತ್ತಿದ್ದಳು. ಬಿಚ್ಚಿದರೆ ಕೆಂಪು ಕಾಳಿನ ತುದಿಗೆಲ್ಲ ಬಿಳಿ ಎಳೆ, ಒಂಥರಾ ಸಿಹಿ ವಾಸನೆ. ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಆ ಎಳೆ ಉದುರಿಸಿ, ಬೆಚ್ಚಗೆ ಹುರಿದು ಬೀಸುತ್ತಿದ್ದಳು. ಮೊಳಕೆ ಬಂದರೆ ಕಾಳಿನ ಹಿಟ್ಟು ಸಕ್ಕರೆ ಆಗೋಕೆ ಶುರುವಾಗುತ್ತೆ. ಬಿಯರಿನವರಿಗೆ ಬೇಕಾಗಿರೋದೂ ಅದೇ.

ಇದನ್ನೆಲ್ಲ ನನ್ನ ಅರೆಬರೆ ಜರ್ಮನ್‌ನಲ್ಲಿ ಮುದುಕರಿಗೆ ಹೇಳಿದೆ. ಅವರು ಗಂಭೀರವಾಗಿ 'ಹಾಗಾದರೆ ನಿಮ್ಮಜ್ಜಿ ಬಿಯರ್ ಮಾಡುತ್ತಿದ್ದರಾ?' ಅಂದರು. ಇಲ್ಲ, ಆರು ತಿಂಗಳ ಮಗುವಿಗೆ ತಿನ್ನಿಸೋಕೆ ಅಂದೆ. ಮನುಷ್ಯ ನಕ್ಕ ನಗೆಗೆ ಮೇಜು ಅಲ್ಲಾಡಿತು. ಅಜ್ಜಿ ಕೇಳಿಸಿಕೊಂಡಿದ್ದರೆ ಇಬ್ಬರಿಗೂ ಊದುಕೊಳವೆಯಲ್ಲೇ ಬಿಡುತ್ತಿದ್ದಳು.

ಎರಡನೇ ಗ್ಲಾಸಿನಲ್ಲಿ ಹೊಗೆ ಹಿಂದೆ ಸರಿಯಿತು, ಹುರಿದ ಕಾಳಿನ ಸಿಹಿ ಮುಂದೆ ಬಂತು. ಪರಿಚಾರಕಿ ಪ್ರತಿ ಗ್ಲಾಸಿಗೂ ಗ್ಲಾಸಿನ ಕೆಳಗಿಡೋ ನನ್ನ ರಟ್ಟಿನ ಬಿಲ್ಲೆಯ ಅಂಚಿಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ಹೋಗುತ್ತಿದ್ದಳು. ಅಷ್ಟೇ ಲೆಕ್ಕ. ಗೀಟು ಮೂರಾದಾಗ ನಾನು ಅಜ್ಜಿಯನ್ನೂ ಮರೆತಿದ್ದೆ, ರೈಲನ್ನೂ ಮರೆತಿದ್ದೆ. ಆಲ್ಕೋಹಾಲ್ 5.1 ಪರ್ಸೆಂಟ್ ತಾನೇ ಅಂತ ಉಡಾಫೆ ಬೇರೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಇದ್ದ ಸ್ಪೆಜಿಯಲ್‌ಗೆ ಕಾಲಿಡೋ ಧೈರ್ಯ ಉಳಿಯಲಿಲ್ಲ. ಅಲ್ಲಿ ಹೊಗೆ ಸ್ವಲ್ಪ ಕಮ್ಮಿಯಂತೆ. ಇನ್ನೊಂದು ಸಲ ನೋಡೋಣ.

ಡಿಸೆಂಬರ್‌ನಲ್ಲಿ ಬರ್ತಾ ಇದ್ದೀನಿ. ಕಸ್ಟಮ್ಸ್‌ನವರು ಎರಡು ಲೀಟರ್ ಬಿಡುತ್ತಾರೆ, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಮೂರು ನಿನಗೆ, ಒಂದು ನನಗೆ. ಅಮ್ಮನಿಗೆ ಹೇಳಬೇಡ, ಸರಿ ಹಿಟ್ಟು ಮಾತ್ರ ಮಾಡಿಸಿಡು.

ನಿನ್ನ,
ರಘು