ಅಕ್ಕನ ಮಗಳ ಘಟಿಕೋತ್ಸವಕ್ಕೆ ಹೋಗಿದ್ದೆ

ಪ್ರಿಯ ಗೆಳೆಯಾ,

ನೀನು ಫೋನ್ ಮಾಡಿದಾಗ ಸರಿಯಾಗಿ ಮಾತಾಡಲು ಆಗಲಿಲ್ಲ. ಕಾರಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಈಗ ಬಿಡುವಾಗಿ ಕುಳಿತು ಬರೆಯುತ್ತಿದ್ದೇನೆ.

ಅಕ್ಕನ ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಮುಗಿಸಿದಳು. ಒಕ್ಕಲುತನ ಮಾಡಿದವರು ನಮ್ಮ ಮನೆಯಲ್ಲಿ ಎಲ್ಲರೂ. ಅದನ್ನೇ ಓದಿ ಡಿಗ್ರಿ ತಗೊಂಡವಳು ಇವಳೇ ಮೊದಲು. ಅಕ್ಕನಿಗೆ ಎತ್ತಿನಗುಡ್ಡದ ಆ ಕ್ಯಾಂಪಸ್ ಹೊಸದೇನಲ್ಲ. ಕೃಷಿಮೇಳಕ್ಕೆ ಭಾವನ ಜೊತೆ ಹೋಗಿ ಹಿಂಗಾರಿಗೆ ಕಡಲೆ, ಜೋಳದ ಬೀಜ ತರುತ್ತಿದ್ದಳು. ಈ ಸಲ ಇಳಕಲ್ ಸೀರೆ ಉಟ್ಟು ಪದವೀಧರೆಯ ತಾಯಿಯಾಗಿ ಹೋದಳು.

ಪದಕ ಬಂದವರನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದರು. ಉಳಿದವರೆಲ್ಲ ಕುಳಿತಲ್ಲೇ ಎದ್ದು ನಿಂತರು. "ನನ್ನ ಮಗಳನ್ನ ಮ್ಯಾಲೆ ಕರೆಯಂಗಿಲ್ಲೇನ?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. ಅಷ್ಟು ಗೌನುಗಳ ನಡುವೆ ಮಗಳು ಎಲ್ಲಿದ್ದಾಳೆಂದು ತೋರಿಸಿದೆ. ಆಮೇಲೆ ಅಕ್ಕ ಬೇರೆ ಕಡೆ ನೋಡಲೇ ಇಲ್ಲ.

ನಿನಗೆ ಗೊತ್ತಲ್ಲ, ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಅವ್ವನ ಜೊತೆ ಹೊಲಕ್ಕೆ ಹೋಗಲು ಒಬ್ಬರು ಬೇಕಿತ್ತು. ಅವಳು ಹೋದಳು, ನಾನು ಓದಿದೆ. ಆ ದಿನ ಸಭಾಂಗಣದಲ್ಲಿ ಕೂತಾಗ ಇದೊಂದೇ ತಲೆಯಲ್ಲಿತ್ತು.

ಮರುದಿನ ಎಲ್ಲರೂ ಬಾದಾಮಿ ಕಡೆ ಹೊರಟೆವು. ನವಲಗುಂದದಲ್ಲಿ ಭಾವ ಕಾರು ನಿಲ್ಲಿಸಿ ರೈತರ ವೀರಗಲ್ಲಿಗೆ ಕೈ ಮುಗಿದರು. ಮಗಳಿಗೆ ಆ ಕಥೆ ಪೂರ್ತಿ ಹೇಳಿದ್ದು ಅಲ್ಲೇ. 1972ರಲ್ಲಿ ಡಾ. ಕಟರಕಿ ಧಾರವಾಡದಲ್ಲಿ ವರಲಕ್ಷ್ಮಿ ಹತ್ತಿ ತಳಿ ಹೊರತಂದರು. ಆಗಿನ್ನೂ ಅಲ್ಲಿ ಕೃಷಿ ಕಾಲೇಜಿತ್ತು, ವಿಶ್ವವಿದ್ಯಾಲಯ ಆದದ್ದು 1986ರಲ್ಲಿ. ಮಲಪ್ರಭಾ ಕಾಲುವೆ ನೀರು ನಂಬಿ ನಮ್ಮಪ್ಪನೂ ವರಲಕ್ಷ್ಮಿ ಬೆಳೆದರು. ಆಮೇಲೆ ಹತ್ತಿ ದರ ಬಿತ್ತು. ಅದರ ಮೇಲೆ ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿ ಅಂದರು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಬೀದಿಗಿಳಿದರು, ಗುಂಡು ಹಾರಿತು. ಮಗಳು ವರಲಕ್ಷ್ಮಿಯ ಬಗ್ಗೆ ಪಾಠದಲ್ಲಿ ಓದಿದ್ದಳಂತೆ, ಎರಡು ಜಾತಿಯ ಹತ್ತಿ ಕೂಡಿಸಿ ಮಾಡಿದ ತಳಿ ಅಂತ. ತನ್ನ ಅಜ್ಜನ ಹೊಲದಲ್ಲಿ ಅದು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ದರದ ಬಗ್ಗೆ ಭಾವನನ್ನು ಕೇಳುತ್ತಲೇ ಹೋದಳು. ಇಂಥ ಪ್ರಶ್ನೆ ಕೇಳುವವರೇ ಕೃಷಿ ಓದಬೇಕು ಅನ್ನಿಸಿತು ನನಗೆ.

ಬಾದಾಮಿಯಲ್ಲಿ ಬಿಸಿಲು ಏರಿತ್ತು. ಮೆಟ್ಟಿಲು ಹತ್ತಿ ಗುಹೆ ನೋಡಿ ಇಳಿದೆವು. ಮಂಗಗಳು ಬಾಳೆಹಣ್ಣಿನ ಚೀಲ ಕಸಿದುಕೊಂಡು ಹೋದವು. ಬನಶಂಕರಿಯಲ್ಲಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ಊಟ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಅಕ್ಕ ಒಂದು ತುತ್ತು ತಿಂದು, ಹಿಟ್ಟು ಹೊಸದು ಎಂದು ಒಪ್ಪಿದಳು.

ಪಟ್ಟದಕಲ್ಲಿನಲ್ಲಿ ಮಾತ್ರ ಸಂಜೆಯವರೆಗೂ ಇದ್ದೆವು. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಲೋಕಮಹಾದೇವಿ, ಚಾಲುಕ್ಯರ ಎರಡನೇ ವಿಕ್ರಮಾದಿತ್ಯನ ರಾಣಿ. ಗಂಡ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ. ಕಟ್ಟಿದ ಆಚಾರಿ ಗುಂಡನ ಹೆಸರೂ ಶಾಸನದಲ್ಲಿದೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಅವಳೂ ಅದೇ ರಾಜನ ರಾಣಿ. ಎರಡೂ ಒಂದೇ ನಮೂನೆ, ತಂಗಿಯದು ಸ್ವಲ್ಪ ಸಣ್ಣದು.

ಮಗಳು ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕ ಎರಡೂ ಗುಡಿಯನ್ನು ಸುತ್ತಿ ಬಂದಳು. "ಅಕ್ಕ ಕಟ್ಟಿಸಿದ್ದು ನೋಡಿ ತಂಗೀನೂ ಕಟ್ಟಿಸ್ಯಾಳ" ಎಂದಳು. ನನ್ನ ಕೈ ಹಿಡಿದುಕೊಂಡಿದ್ದಳು. ಗೆಳೆಯಾ, ನನಗೆ ಮಾತೇ ಬರಲಿಲ್ಲ. ನಾನು ಓದಿ, ನೌಕರಿ ಹಿಡಿದು ಏನೇನು ಮಾಡಿದ್ದೇನೋ ಎಲ್ಲಕ್ಕೂ ತಳಪಾಯ ಹಾಕಿದವಳು ಅವಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿ ಆಡಿದವಳಲ್ಲ. ಮಗಳ ಫೀಸು ನಾನು ಕಟ್ಟುತ್ತೇನೆ ಅಂದಾಗಲೂ ಅರ್ಧ ಮಾತ್ರ ಕಟ್ಟಿಸಿಕೊಂಡಳು.

ಗುಡಿಯ ಮುಂದೆ ಹರಿಯುವ ಹೊಳೆ ಮಲಪ್ರಭಾ ಎಂದಾಗ ಭಾವ, "ನಮ್ಮ ಹೊಲದ ನೀರು ಇಲ್ಲೀತನಕ ಬರ್ತದಲ್ಲ!" ಎಂದರು. ಇಳಿದು ಕಾಲು ತೊಳೆದುಕೊಂಡರು.

ಇನ್ನೊಂದು ಸಂಗತಿ. ಕೊನೆಯ ವರ್ಷ ಈ ಹುಡುಗರನ್ನು ಹಳ್ಳಿಯಲ್ಲಿ ಇರಿಸುತ್ತಾರೆ, ರೈತರ ಜೊತೆ ಕೆಲಸ ಕಲಿಯಲಿ ಅಂತ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರಂತೆ. ಆಗ ಇವಳು ದಿನಾ ಅವ್ವನಿಗೆ ಫೋನ್ ಮಾಡಿ ಕೂರಿಗೆ, ಎಡೆಕುಂಟೆ ಬಗ್ಗೆ ಕೇಳುತ್ತಿದ್ದಳು. ಅಕ್ಕನ ಹತ್ತಿರ ಕಲಿತದ್ದೂ ಆ ಡಿಗ್ರಿಯಲ್ಲಿ ಸೇರಿದೆ ಎಂದೇ ನನ್ನ ಭಾವನೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮಗಳಿಗೆ ಮಣ್ಣು ವಿಜ್ಞಾನದಲ್ಲಿ ಎಂಎಸ್ಸಿ ಮಾಡುವ ಆಸೆ. ಭಾವನಿಗೆ ಅವಳು ಈಗಲೇ ನೌಕರಿಗೆ ಸೇರಲಿ ಅಂತ. ಅಕ್ಕ, ನಾನು ಇಬ್ಬರೂ ಮಗಳ ಕಡೆ. ನಿನ್ನ ತಮ್ಮ ಕೃಷಿ ಇಲಾಖೆಯಲ್ಲಿದ್ದಾನಲ್ಲ, ಅವನು ಒಮ್ಮೆ ಭಾವನ ಜೊತೆ ಮಾತಾಡಲಿ. ಹೊರಗಿನವರು ಹೇಳಿದರೆ ಅವರು ಕೇಳುತ್ತಾರೆ. ಅರ್ಜಿ ಹಾಕುವ ದಿನ ಹತ್ತಿರ ಬಂದಿದೆ, ಈ ವಾರವೇ ಹೇಳು.

ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎಂದು ತಿಳಿಸು.

ನಿನ್ನ ಗೆಳತಿ